ಯುದ್ಧದ ನುಕಸಾನಿ ಯಾರ ಖಾತೆಗೆ?

ದೇಶದ ರಕ್ಷಣೆಗಾಗಿ ಎಲ್ಲರೂ ತ್ಯಾಗ ಮಾಡಬೇಕೆಂದು ಮಂತ್ರಿಗಳು ಹೇಳುತ್ತಾರೆ. ಮಾತು ಸರಿಯಾದುದೇ; ನಾವೂ ಅದನ್ನು ಒಪ್ಪುತ್ತೇವೆ. ಆದರೆ ತ್ಯಾಗ ಮಾಡಿದವನು ಆಮೇಲೊಂದು ದಿನ ಕಚೇರಿಯ ಕಟ್ಟೆ ಹತ್ತಿ, "ನನ್ನ ನುಕಸಾನಿ ಇಷ್ಟು, ಇದನ್ನು ತುಂಬಿಕೊಡುವವರು ಯಾರು?" ಎಂದು ಕೇಳಿದಾಗ ಅವನಿಗೆ ಸಿಗುವ ಉತ್ತರವೇನು? ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಜನರಿಗೆ ಈ ಪ್ರಶ್ನೆ ಹೊಸದಲ್ಲ. ಅರಗಾದಲ್ಲಿ ನೌಕಾನೆಲೆಯ ಅಡಿಗಲ್ಲು ಬಿದ್ದ 1986ರಿಂದ ಒಂದು ಇಡೀ ತಲೆಮಾರು ಇದನ್ನೇ ಕೇಳುತ್ತ ಮುದಿಯಾಯಿತು. ಆ ವಿಷಯಕ್ಕೆ ನಾವು ಬರುವವರಿದ್ದೇವೆ. ಅದಕ್ಕೆ ಮೊದಲು ಎರಡನೆಯ ಮಹಾಯುದ್ಧದ ಕಾಲಕ್ಕೆ ಸರಕಾರದ ಕೆಲಸ ಮಾಡಿ ಕೈ ಸುಟ್ಟುಕೊಂಡ ಇಬ್ಬರು ಕಂತ್ರಾಟದಾರರ ಕತೆಯನ್ನು ಓದುಗರ ಮುಂದಿಡುತ್ತೇವೆ. ಅವರು ನಮ್ಮ ಜಿಲ್ಲೆಯವರಲ್ಲ. ಆದರೆ ಅವರ ದಾವೆಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಹಿಡಿದ ಅಳತೆಗೋಲೇ ಇಂದು ನಮ್ಮ ಜನರ ಕೈಗೂ ಬೇಕಾಗಿದೆ.

ಕಂತ್ರಾಟದಾರನ ಹೆಸರು ತೆಗೆದೊಡನೆ ನಮ್ಮ ಗಿರಣಿಯ ಬಂಧುಗಳು ಹುಬ್ಬು ಗಂಟಿಕ್ಕುವುದು ಸಹಜ. ಕಾಡಿನ ನಾಟಾ ಇರಲಿ, ರಸ್ತೆಯ ಜಲ್ಲಿ ಇರಲಿ, ಬಂದರದ ಹೊರೆ ಇರಲಿ, ದುಡಿಯುವವನಿಗೂ ದುಡ್ಡು ಕೊಡುವವನಿಗೂ ನಡುವೆ ನಿಂತು ಎರಡೂ ಕಡೆಯಿಂದ ಸೋಸಿಕೊಳ್ಳುವವನು ಅವನೆಂಬುದು ನಮ್ಮೆಲ್ಲರ ಅನುಭವ. ನಾವು ಅವನ ವಕೀಲರಲ್ಲ. ಆದರೆ ಒಬ್ಬನ ಹಕ್ಕು ನ್ಯಾಯವಾದುದಾದರೆ, ಅವನು ನಮಗೆ ಬೇಕಾದವನೋ ಬೇಡವಾದವನೋ ಎಂದು ನೋಡಿ ಅದನ್ನು ತೂಗಬಾರದು. ಅಲ್ಲದೆ, ಕೈಯಲ್ಲಿ ಹಣವೂ ಬೆನ್ನಿಗೆ ವಕೀಲನೂ ಇದ್ದ ಕಂತ್ರಾಟದಾರನೇ ಸರಕಾರದಿಂದ ತನ್ನ ಹಣ ಪಡೆಯಲು ಎಷ್ಟು ವರ್ಷ ಕಾದನೆಂದು ತಿಳಿದರೆ, ಏನೂ ಇಲ್ಲದವನ ಗತಿಯನ್ನು ಊಹಿಸುವುದು ಸುಲಭವಾಗುತ್ತದೆ.

ಮೊದಲನೆಯ ಕತೆ ಬಂಗಾಲದ್ದು. 1943ರ ಕ್ಷಾಮದಲ್ಲಿ ಅಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಬರ್ಮಾ ಜಪಾನಿಗಳ ಕೈಸೇರಿತ್ತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಸೈನ್ಯದ ಅಗತ್ಯವೇ ಎಲ್ಲಕ್ಕಿಂತ ಮುಂದಾಗಿತ್ತು. ಕ್ಷಾಮ ಕಣ್ಣೆದುರು ಕುಣಿದ ಮೇಲೆ ಸರಕಾರಕ್ಕೆ ಗೋದಾಮುಗಳ ನೆನಪಾಯಿತು. 1944ರಲ್ಲಿ ಹೂಗ್ಲಿ ಜಿಲ್ಲೆಯ ಆರಾಮಬಾಗದಲ್ಲಿ ನಾಗರಿಕ ಸರಬರಾಯಿ ಇಲಾಖೆಗಾಗಿ ತಾತ್ಪೂರ್ತಿಕ ಗೋದಾಮುಗಳನ್ನು ಕಟ್ಟಿಕೊಡಬೇಕೆಂದು ಬಿ. ಕೆ. ಮಂಡಲ ಎಂಬ ಕಂತ್ರಾಟದಾರರ ಕಂಪನಿಗೆ ಅಧಿಕಾರಿಗಳು ಹೇಳಿದರು. ಕಂಪನಿ ಕಟ್ಟಿತು. ಗೋದಾಮಿನ ಜೊತೆಗೆ ಕಾವಲುಗಾರರ ಕೋಣೆ, ಅಡುಗೆಮನೆ, ಕಚೇರಿ ಇವೂ ಬೇಕೆಂದರು, ಅವನ್ನೂ ಕಟ್ಟಿತು. ಇಲಾಖೆ ಅವುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡು ಬಳಸಿತು.

ಬಿಲ್ಲು ಬಂದಾಗ ಸರಕಾರದ ರಾಗ ಬದಲಾಯಿತು. 1935ರ ಭಾರತ ಸರಕಾರ ಕಾಯದೆಯ 175ನೆಯ ಕಲಮಿನಂತೆ ಸರಕಾರದ ಕರಾರುಗಳೆಲ್ಲ ಗವರ್ನರರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯೊಡನೆ ಆಗತಕ್ಕದ್ದು. ಈ ಕರಾರು ಹಾಗೆ ಆಗಿಲ್ಲ. ಕೆಲಸ ಹೇಳಿದ ಅಧಿಕಾರಿಗೆ ಹಾಗೆ ಹೇಳುವ ಅಧಿಕಾರವೇ ಇರಲಿಲ್ಲ. ಆದುದರಿಂದ ಕರಾರೇ ಇಲ್ಲ, ಹಣವೂ ಇಲ್ಲ! ನಮ್ಮ ಪೇಟೆಯ ಅಂಗಡಿಕಾರರು ಇದನ್ನು ಚೆನ್ನಾಗಿ ತಿಳಿಯಬಲ್ಲರು. ಗಿರಾಕಿಯ ಮನೆಯ ಆಳು ಬಂದು ಹತ್ತು ಮೂಟೆ ಅಕ್ಕಿ ಒಯ್ಯುತ್ತಾನೆ. ಮನೆಯವರೆಲ್ಲ ಕೂತು ಉಣ್ಣುತ್ತಾರೆ. ತಿಂಗಳ ಕೊನೆಗೆ ಯಜಮಾನನು, "ಆಳಿಗೆ ಅಕ್ಕಿ ತರುವ ಅಧಿಕಾರ ನಾನು ಕೊಟ್ಟಿರಲಿಲ್ಲ, ಚೀಟಿಯಲ್ಲಿ ನನ್ನ ಸಹಿಯಿಲ್ಲ" ಎಂದು ಎದ್ದು ಹೋಗುತ್ತಾನೆ. ಅಂಗಡಿಕಾರನು ಇಂಥ ಯಜಮಾನನಿಗೆ ಮರುತಿಂಗಳು ಉದ್ರಿ ಕೊಡುವುದಿಲ್ಲ. ಆದರೆ ಸರಕಾರವೆಂಬ ಯಜಮಾನನಿಗೆ ಉದ್ರಿ ಕೊಡುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ದಾವೆ ಕಲಕತ್ತೆಯ ಹೈಕೋರ್ಟಿನಲ್ಲಿ ನಡೆಯಿತು, ಕಂಪನಿ ಗೆದ್ದಿತು. ಸರಕಾರ ಅಪೀಲು ಹೋಯಿತು, ಸೋತಿತು. ಮತ್ತೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಲ್ಲಿ ಯುದ್ಧ ಮುಗಿದು, ಇಂಗ್ರಜರು ಹೋಗಿ, ಬಂಗಾಲ ಎರಡಾಗಿ, ಸ್ವತಂತ್ರ ದೇಶದಲ್ಲಿ ಎರಡು ಸಾರ್ವತ್ರಿಕ ಚುನಾವಣೆಗಳೂ ಆಗಿಹೋಗಿದ್ದವು. ಇಂಗ್ರಜರ ಕಾಲದ ಗೋದಾಮಿನ ಬಾಕಿಯನ್ನು ಕೊಡುವುದಿಲ್ಲವೆಂದು ಸ್ವತಂತ್ರ ಪಶ್ಚಿಮ ಬಂಗಾಲದ ಸರಕಾರವೇ ಕೊನೆಯವರೆಗೆ ಹೋರಾಡಿತೆಂಬುದನ್ನು ಓದುಗರು ಗಮನಿಸಬೇಕು. ಆಳುವವನ ಟೋಪಿ ಬದಲಾದರೂ ಖಜಾನೆಯ ಸ್ವಭಾವ ಬದಲಾಗಲಿಲ್ಲ. 1961ರ ಡಿಸೆಂಬರದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅಪೀಲನ್ನು ವಜಾ ಮಾಡಿತು. ಬಹುಮತದ ತೀರ್ಪನ್ನು ಬರೆದವರು ಮುಂದೆ ಮುಖ್ಯ ನ್ಯಾಯಮೂರ್ತಿಗಳಾದ ಗಜೇಂದ್ರಗಡಕರರು. 1944ರ ಕೆಲಸಕ್ಕೆ ಕೊನೆಯ ಮಾತು ಸಿಕ್ಕಿದ್ದು 17 ವರ್ಷಗಳ ಮೇಲೆ.

ನ್ಯಾಯಾಲಯವು ಹಿಡಿದ ದಾರಿ ಬಹಳ ಸರಳವಾದುದು. ಕರಾರು ಕಾಯದೆಯಂತೆ ಆಗಿರಲಿಲ್ಲ, ನಿಜ. ಆದರೆ 1872ರ ಕರಾರು ಕಾಯದೆಯಲ್ಲಿ 70ನೆಯ ಕಲಮು ಎಂಬುದೊಂದಿದೆ. ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯಸಮ್ಮತವಾಗಿ ಏನನ್ನಾದರೂ ಮಾಡಿದರೆ ಅಥವಾ ಒದಗಿಸಿದರೆ, ಪುಕ್ಕಟೆ ಮಾಡುವ ಉದ್ದೇಶ ಅವನಿಗಿಲ್ಲದಿದ್ದರೆ, ಆ ಇನ್ನೊಬ್ಬನು ಅದರ ಲಾಭ ಉಂಡಿದ್ದರೆ, ಉಂಡವನು ಪರಿಹಾರ ಕೊಡತಕ್ಕದ್ದು. ಕಾಯದೆ ಬರೆದವರು ಉದಾಹರಣೆಯನ್ನೂ ಅಂಗಡಿಯಿಂದಲೇ ಎತ್ತಿಕೊಂಡಿದ್ದಾರೆ: ವ್ಯಾಪಾರಿಯೊಬ್ಬನು ತಪ್ಪಿ ಇನ್ನೊಬ್ಬನ ಮನೆಯಲ್ಲಿ ಸರಕು ಬಿಟ್ಟುಬಂದ, ಆ ಮನೆಯವನು ಅದನ್ನು ತನ್ನದೆಂದೇ ಬಳಸಿಕೊಂಡ, ಈಗ ಅವನು ಬೆಲೆ ಕೊಡಲೇಬೇಕು. ಬೇಡವಾದರೆ ಹಿಂದಿರುಗಿಸಬಹುದಾಗಿತ್ತು, ಇಟ್ಟುಕೊಂಡ ಮೇಲೆ ಬೆಲೆ ತಪ್ಪುವುದಿಲ್ಲ. ಸರಕಾರಕ್ಕೂ ಇದೇ ನ್ಯಾಯವೆಂದು ನ್ಯಾಯಾಲಯ ಹೇಳಿತು. ಇಷ್ಟು ಸಣ್ಣ ಮಾತನ್ನು ಹೇಳಿಸಿಕೊಳ್ಳಲು ಒಂದು ರಾಜ್ಯ ಸರಕಾರವು ದಿಲ್ಲಿಯವರೆಗೆ ಹೋಗಬೇಕಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆರಾಮಬಾಗದ ಗೋದಾಮಿನ ಹೆಸರು ಇಂದಿಗೂ ಕಾನೂನಿನ ಪುಸ್ತಕಗಳಲ್ಲಿದೆ. ವಕೀಲಿ ಓದುವ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ಆ ಗೋದಾಮಿನಲ್ಲಿ ಇರಬೇಕಾಗಿದ್ದ ಅಕ್ಕಿ ಒಂದು ವರ್ಷ ಮೊದಲು ಇಲ್ಲದೆ ಸತ್ತವರ ಮಕ್ಕಳು ಯಾವ ಕಲಮಿನ ಕೆಳಗೆ ದಾವೆ ಹೂಡಬೇಕಾಗಿತ್ತು? ಗೋದಾಮು ಕಟ್ಟಲು ಬಿದಿರು ಹೊತ್ತವರಿಗೂ ಮಣ್ಣು ತುಳಿದವರಿಗೂ ಕೂಲಿ ಪೂರ್ತಿ ಸಿಕ್ಕಿತೋ, ಅಥವಾ "ಸರಕಾರದ ಬಿಲ್ಲು ಬಂದಮೇಲೆ" ಎಂಬ ಮಾತು ಸಿಕ್ಕಿತೋ? ಬಿಲ್ಲು ಇದ್ದವನ ನಷ್ಟಕ್ಕೆ ತೀರ್ಪಿನ ಪುಸ್ತಕದಲ್ಲಿ ಜಾಗವಿದೆ. ಅವರ ನಷ್ಟವನ್ನು ಬರೆದಿಟ್ಟವರಿಲ್ಲ.

ಎರಡನೆಯ ಕತೆ ತುಪ್ಪದ್ದು. ಅಲೋಪಿ ಪರ್ಷಾದ ಎಂಬ ಕಂಪನಿಯನ್ನು 1937ರ ಮೇ ತಿಂಗಳ ಒಂದು ಕರಾರಿನಂತೆ ಸೈನ್ಯಕ್ಕೆ ತುಪ್ಪ ಖರೀದಿಸುವ ದಲಾಲರನ್ನಾಗಿ ಸರಕಾರ ನೇಮಿಸಿತ್ತು. ಅದು ಶಾಂತಿಯ ಕಾಲ. ಎರಡು ವರ್ಷಗಳಲ್ಲಿ ಯುದ್ಧ ಬಂದಿತು, ಸೈನ್ಯ ಬೆಳೆಯಿತು, ತುಪ್ಪದ ಬೇಡಿಕೆ ಎಷ್ಟೋ ಪಾಲು ಏರಿತು. 1942ರ ಜೂನಿನಲ್ಲಿ ದಲಾಲಿಯ ದರವನ್ನು ಬದಲಿಸಿ ಹೊಸ ಕರಾರು ಮಾಡಿಕೊಂಡರು. ಆಮೇಲೆ ಕಂಪನಿಯು, ಯುದ್ಧದಿಂದ ಪರಿಸ್ಥಿತಿಯೇ ಬೇರೆಯಾಯಿತು, ಖರ್ಚು ಬೆಳೆಯಿತು, ಹಳೆಯ ದರದಲ್ಲಿ ನಮಗೆ ಪೂರೈಸುವುದಿಲ್ಲ, ಹೆಚ್ಚಿಗೆ ಕೊಡಿರಿ ಎಂದು ಕೇಳಿತು. ಪಂಚರು ಕಂಪನಿಯ ಕಡೆ ನಿರ್ಣಯ ಕೊಟ್ಟರು. 1960ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ನೀವು ಕರಾರಿಗೆ ಸಹಿ ಮಾಡಿದ್ದೀರಿ. ಯುದ್ಧ ನಡೆಯುತ್ತಿರುವಾಗಲೇ ಹೊಸ ದರವನ್ನೂ ಒಪ್ಪಿದ್ದೀರಿ. ಕೆಲಸ ನೀವೆಣಿಸಿದ್ದಕ್ಕಿಂತ ಭಾರವಾಯಿತೆಂಬ ಒಂದೇ ಕಾರಣಕ್ಕೆ ಆಡಿದ ಮಾತಿನಿಂದ ಬಿಡುಗಡೆಯಿಲ್ಲ ಎಂದಿತು.

ಈ ತೀರ್ಪನ್ನು ಓದಿದಾಗ ನಮಗೆ ಕಂತ್ರಾಟದಾರನ ಬಗ್ಗೆ ಹೆಚ್ಚು ಮರುಕ ಹುಟ್ಟಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಯುದ್ಧಕಾಲದಲ್ಲಿ ತುಪ್ಪವೂ ಬಟ್ಟೆಯೂ ಸೀಮೆಎಣ್ಣೆಯೂ ಕಾಳಪೇಟೆ ಸೇರಿದಾಗ, ರೇಶನ್ನಿನ ಸಾಲಿನಲ್ಲಿ ನಿಂತ ಕೂಲಿಕಾರನು, "ಪರಿಸ್ಥಿತಿ ಬದಲಾಯಿತು, ನನ್ನ ಪಗಾರ ಏರಿಸಿರಿ" ಎಂದು ಯಾವ ಪಂಚರ ಬಳಿ ಹೋಗಬೇಕಾಗಿತ್ತು? ತುಟ್ಟಿಭತ್ಯೆಯ ಒಂದೊಂದು ಆಣೆಗೂ ಗಿರಣಿಗಳ ಬಾಗಿಲಿನಲ್ಲಿ ಹೋರಾಟ ನಡೆಯಬೇಕಾಯಿತು. ಇರಲಿ. ತೀರ್ಪಿನ ತತ್ತ್ವ ಒಳ್ಳೆಯದೇ: ಆಡಿದ ಮಾತಿಗೆ ನಿಲ್ಲಬೇಕು. ನಾವು ಕೇಳುವುದಿಷ್ಟೆ: ಕಂತ್ರಾಟದಾರನನ್ನು ಕಟ್ಟಿಹಾಕಿದ ಈ ಹಗ್ಗವು ಸರಕಾರವನ್ನೂ ಕಟ್ಟಬೇಡವೆ? ಜನರನ್ನು ನೆಲದಿಂದ ಎಬ್ಬಿಸುವಾಗ ಸರಕಾರ ಕೊಟ್ಟ ಆಶ್ವಾಸನೆಗಳು, ಹತ್ತು ಇಪ್ಪತ್ತು ವರ್ಷ ಕಳೆದು ಅಧಿಕಾರಿಗಳು ಬದಲಾದ ಮೇಲೆ, "ಈಗಿನ ಪರಿಸ್ಥಿತಿ ಬೇರೆ" ಎಂಬ ಮಾತಿನಲ್ಲಿ ಕರಗಿಹೋಗಬಹುದೆ?

ಯುದ್ಧದ ಕಾಲದಲ್ಲಿ ಇಂಗ್ರಜ ಸರಕಾರ ನುಕಸಾನಿಯ ವಿಷಯದಲ್ಲಿ ಮಾಡಿದ ಕಾಯದೆಗಳ ಸಾಲನ್ನು ನೋಡಿದರೆ ಅದರ ಮನಸ್ಸು ಎಲ್ಲಿತ್ತೆಂಬುದು ತಿಳಿಯುತ್ತದೆ. 1939ರ ಭಾರತ ರಕ್ಷಣಾ ಕಾಯದೆಯಲ್ಲಿಯೇ, ಯುದ್ಧಕ್ಕಾಗಿ ವಶಪಡಿಸಿಕೊಂಡ ಆಸ್ತಿಗೆ ಪರಿಹಾರ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಪಂಚರನ್ನು ನೇಮಿಸಬೇಕು ಎಂದು 19ನೆಯ ಕಲಮು ಹೇಳಿತು. 1940ರಲ್ಲಿ ವ್ಯಾಪಾರಿಗಳ ಸರಕಿಗೆ ಯುದ್ಧದ ಅಪಾಯದ ವಿಮೆ ಬಂದಿತು. 1942ರಲ್ಲಿ ಕಾರ್ಖಾನೆಗಳಿಗೆ ಬಂದಿತು. ದುಡಿಯುವವನ ದೇಹದ ಪಾಳಿಯಲ್ಲಿ 1941ರಲ್ಲಿ ಗಾಯಾಳುಗಳಿಗೆ ನೆರವಿನ ಒಂದು ಸುಗ್ರೀವಾಜ್ಞೆಯಾಯಿತು. ಕೆಲಸಗಾರನಿಗೆ ಯುದ್ಧದಿಂದ ಗಾಯವಾದರೆ ಮಾಲಿಕನು ಪರಿಹಾರ ಕೊಡಬೇಕು, ಅದಕ್ಕಾಗಿ ವಿಮೆ ಇಳಿಸಬೇಕು ಎಂಬ ಕಾಯದೆ ಬಂದದ್ದು 1943ರಲ್ಲಿ. ಸರಕಿಗೆ ವಿಮೆಯಾಗಿ ಮೂರು ವರ್ಷಗಳ ಮೇಲೆ ಸರಕು ಹೊರುವವನ ಪಾಳಿ ಬಂದಿತು. ಮುಂದಿನ ವರ್ಷವೇ, 1944ರ ಏಪ್ರಿಲ್ 14ರಂದು, ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಹಡಗಿನಲ್ಲಿ ಹತ್ತಿಯೂ ಇತ್ತು, ಚಿನ್ನವೂ ಇತ್ತು. ನೂರಾರು ಜನ ಸತ್ತರು. ಅದೇ ವರ್ಷ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ನಷ್ಟಕ್ಕೆ ಪರಿಹಾರದ ವ್ಯವಸ್ಥೆ ಮಾಡಿತು. ಮನಸ್ಸು ಮಾಡಿದರೆ ಸರಕಾರ ಎಷ್ಟು ಬೇಗ ನಡೆಯಬಲ್ಲದೆಂಬುದಕ್ಕೆ ಇದು ಉದಾಹರಣೆ. ಮುಂಬಯಿಯ ವ್ಯಾಪಾರ ನಿಂತುಹೋಗುವ ಭಯವಿತ್ತು. ಆದುದರಿಂದ ಬೇಗ ನಡೆಯಿತು.

ಅದೇ ಯುದ್ಧದ ಅದೇ ವರ್ಷಗಳಲ್ಲಿ ಹಳ್ಳಿಗಳ ಜೊತೆಗೆ ಸರಕಾರ ನಡೆದುಕೊಂಡ ರೀತಿ ಬೇರೆ. 1942ರ ಆಗಸ್ಟಿನಲ್ಲಿ ಗಾಂಧೀಜಿಯವರ ಬಂಧನವಾದ ಮೇಲೆ ಚಳವಳಿ ಹಬ್ಬಿತು. ನಮ್ಮ ಜಿಲ್ಲೆಯಲ್ಲಿ ಕಾಡಿನ ನಾಟಾ ಡಿಪೋಗಳಿಗೆ ಬೆಂಕಿ ಬಿದ್ದಿತು. ಕಾಡು ಜಿಲ್ಲೆಯದು, ಕಡಿಯುವ ಕೈ ಜಿಲ್ಲೆಯದು, ನಾಟಾ ಹೋಗುತ್ತಿದ್ದುದು ಇಂಗ್ರಜರ ಯುದ್ಧಕ್ಕೆ ಎಂಬ ಸಿಟ್ಟು ಜನರಲ್ಲಿತ್ತು. ಇಂಥ ನುಕಸಾನಿಗಾಗಿ ಸರಕಾರ 1942ರಲ್ಲಿಯೇ ಸಾಮೂಹಿಕ ದಂಡದ ಸುಗ್ರೀವಾಜ್ಞೆ ಹೊರಡಿಸಿತು. ಯಾರು ಮಾಡಿದರೆಂದು ಸಿದ್ಧಮಾಡುವ ಅಗತ್ಯವಿಲ್ಲ. ಊರಿಗೆ ಊರೇ ದಂಡ ತೆರಬೇಕು. ಸರಕಾರಕ್ಕೆ ಬೇಕಾದವರಿಗೆ ಮಾತ್ರ ವಿನಾಯಿತಿ. 1943ರ ಫೆಬ್ರವರಿಯಲ್ಲಿ ದಿಲ್ಲಿಯ ಶಾಸನಸಭೆಯಲ್ಲಿ ಸರಕಾರವೇ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಹೇರಿದ ಸಾಮೂಹಿಕ ದಂಡ ಸುಮಾರು 90 ಲಕ್ಷ ರೂಪಾಯಿ. ಆರೇ ತಿಂಗಳಲ್ಲಿ ಅದರ ಬಹುಭಾಗ ವಸೂಲಾಗಿತ್ತು. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕಕ್ಕೆ ಇಡಿರಿ. ಸರಕಾರ ಜನರಿಂದ ಎತ್ತಬೇಕಾದಾಗ ಆರು ತಿಂಗಳು ಸಾಕು. ಸರಕಾರ ಕೊಡಬೇಕಾದಾಗ, ಅದೂ ಬಿಲ್ಲು ಇಟ್ಟುಕೊಂಡ ಕಂತ್ರಾಟದಾರನಿಗೆ, 17 ವರ್ಷ.

ಅಂಕೋಲೆಯವರಿಗೆ ಈ ಪಾಠ ಅದಕ್ಕೂ ಹಿಂದಿನದು. 1930ರ ಏಪ್ರಿಲ್ 13ರಂದು ಇಲ್ಲಿಯ ಸಮುದ್ರದಂಡೆಯಲ್ಲಿ ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಉಪ್ಪಿನ ಕಾಯದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲಾ ಮತ್ತು ಸಿದ್ಧಾಪುರದ ರೈತರು ತೀರ್ವೆ ಕೊಡುವುದಿಲ್ಲವೆಂದು ನಿಂತರು; ಹೊಲ, ಮನೆ, ದನ, ಪಾತ್ರೆಗಳು ಜಪ್ತಿಯಾದವು, ಭೂಮಿ ಲಿಲಾವಾಯಿತು. 1937ರಲ್ಲಿ ಅಧಿಕಾರಕ್ಕೆ ಬಂದ ಖೇರರ ಮಂತ್ರಿಮಂಡಳವು ಅಂಥ ಭೂಮಿಗಳನ್ನು ಮೂಲ ಒಡೆಯರಿಗೆ ಹಿಂದಿರುಗಿಸಲು ಮುಂದಾಯಿತು. ಲಿಲಾವು ಆಗಿಹೋಗಿದೆ, ಕಾಗದ ಮುಗಿದಿದೆ, ಮುದತು ಮೀರಿದೆ ಎಂಬ ಕಾರಣಗಳು ಆಗ ಅಡ್ಡ ಬರಲಿಲ್ಲ. ಮುಗಿದ ಕಡತವನ್ನು ಬಿಚ್ಚಬಹುದೆಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಕಾಗಿಲ್ಲ.

ಈಗ ಕಾರವಾರದ ದಂಡೆಗೆ ಬರೋಣ. ಬಿಣಗಾದ ಎದುರಿಗೆ ಅಂಜದೀವ ದ್ವೀಪವಿದೆ. ಗೋವೆಯ ಜೊತೆಗೆ ಅದೂ ಪೋರ್ತುಗೀಜರ ವಶದಲ್ಲಿತ್ತು. 1961ರ ನವೆಂಬರದಲ್ಲಿ ಅಲ್ಲಿಂದ ಸಾಬರಮತಿ ಎಂಬ ಹಡಗಿನ ಮೇಲೂ, ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು; ನಮ್ಮ ದಂಡೆಯ ಒಬ್ಬ ಮೀನುಗಾರ ಸತ್ತನು. ಡಿಸೆಂಬರ 18ರಂದು ನೌಕಾದಳದವರು ದ್ವೀಪಕ್ಕೆ ಇಳಿದಾಗ ಏಳು ಜನ ನಾವಿಕರು ಪ್ರಾಣ ಕೊಟ್ಟರು. ಆದುದರಿಂದ ದೇಶರಕ್ಷಣೆ ಎಂದರೇನೆಂದು ಕಾರವಾರದ ಮೀನುಗಾರನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಪಾಠವನ್ನು ಅವನು ದೋಣಿಯಲ್ಲಿ ಕುಳಿತೇ ಕಲಿತವನು. ಇಂದು ಅದೇ ಅಂಜದೀವವನ್ನು ಅಲೆತಡೆ ಗೋಡೆಯಿಂದ ದಂಡೆಗೆ ಜೋಡಿಸಿ ನೌಕಾನೆಲೆಯ ಭಾಗ ಮಾಡಿದ್ದಾರೆ.

1986ರ ಅಕ್ಟೋಬರ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಸುಮಾರು 11 ಸಾವಿರ ಎಕರೆ, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹದಿಮೂರು ಹಳ್ಳಿಗಳು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ಹಾಲಕ್ಕಿಗಳ ಗದ್ದೆ, ತರಕಾರಿಯ ಪಟ್ಟಿ, ತೆಂಗಿನ ಹಿತ್ತಲು, ದೇವರ ಕಟ್ಟೆ, ಮೀನು ಒಣಗಿಸುವ ಮರಳು ಎಲ್ಲವೂ ಬೇಲಿಯ ಒಳಗಾದವು. ಎದ್ದವರಲ್ಲಿ ಹಲವರು ತೋಡೂರು, ಹಾರವಾಡ, ಮುದಗಾ ಮುಂತಾದ ಕಡೆಯ ಪುನರ್ವಸತಿಯ ಕಾಲೋನಿಗಳಲ್ಲಿ ಮನೆ ಕಟ್ಟಿಕೊಂಡರು. ನೌಕಾನೆಲೆ ಬೇಡವೆಂದು ನಾವು ಹೇಳುತ್ತಿಲ್ಲ. ಪಶ್ಚಿಮ ಸಮುದ್ರದ ರಕ್ಷಣೆಗೆ ಆಳವಾದ, ಮರೆಯಾದ ಬಂದರು ಬೇಕಾಗಿತ್ತು. ಅಂಥ ಬಂದರು ನಿಸರ್ಗವೇ ಇಲ್ಲಿ ಕೊಟ್ಟಿತ್ತು. ಆದರೆ ಇಡೀ ದೇಶದ ಕೆಲಸಕ್ಕೆ ನಾಲ್ಕು ಸಾವಿರ ಕುಟುಂಬಗಳು ಕೊಟ್ಟದ್ದನ್ನು ದೇಶವೆಲ್ಲ ಸೇರಿ ತುಂಬಿಕೊಡಬೇಕು. ತುಂಬಿಕೊಟ್ಟದ್ದು ಹೇಗೆ?

ಭೂಮಿ ಹೋದದ್ದು 1894ರ ಭೂಸ್ವಾಧೀನ ಕಾಯದೆಯಂತೆ. ಮೊದಲ ನಿರ್ಣಯದ ದರ ತೀರ ಕಡಿಮೆಯಾಗಿತ್ತು. ನ್ಯಾಯಾಲಯಕ್ಕೆ ಹೋದವರಿಗೆ ದರ ಏರಿತು. ಎಂದರೆ ಮೊದಲು ಕೊಟ್ಟದ್ದು ನ್ಯಾಯವಾದ ಬೆಲೆಯಾಗಿರಲಿಲ್ಲವೆಂದು ನ್ಯಾಯಾಲಯವೇ ಹೇಳಿದಂತಾಯಿತು. ಆದರೆ ನ್ಯಾಯಾಲಯಕ್ಕೆ ಹೋಗಲು 18ನೆಯ ಕಲಮಿನಂತೆ ತಕರಾರಿನ ಅರ್ಜಿ ಕೊಡಬೇಕು. ಅರ್ಜಿಗೆ ಮುದತು ಉಂಟು. ಹಣವನ್ನು ತಕರಾರಿಲ್ಲದೆ ತೆಗೆದುಕೊಂಡರೆ ಅರ್ಜಿಯ ಹಕ್ಕೇ ಹೋಯಿತು. ಗದ್ದೆ ಕಳೆದುಕೊಂಡು, ಕೈಗೆ ಬಂದ ಹಣದಲ್ಲಿ ಮೊದಲು ಒಂದು ಸೂರು ಮಾಡಿಕೊಳ್ಳಬೇಕೆಂದು ಓಡುವ ಹಾಲಕ್ಕಿ ಮುದುಕನಿಗೆ "ತಕರಾರಿನೊಡನೆ ಸ್ವೀಕರಿಸಿದ್ದೇನೆ" ಎಂದು ಬರೆಯಬೇಕೆಂದು ಹೇಳಿಕೊಟ್ಟವರಾರು?

ಇಂಥವರಿಗಾಗಿಯೇ 1984ರ ತಿದ್ದುಪಡಿಯಲ್ಲಿ 28-ಎ ಎಂಬ ಹೊಸ ಕಲಮು ಸೇರಿತು. ಅದೇ ಪ್ರಕಟಣೆಯ ಕೆಳಗೆ ಭೂಮಿ ಹೋದ ಒಬ್ಬನು ನ್ಯಾಯಾಲಯದಲ್ಲಿ ಹೆಚ್ಚಿನ ದರ ಪಡೆದರೆ, ನ್ಯಾಯಾಲಯಕ್ಕೆ ಹೋಗದ ನೆರೆಯವನೂ ಆ ದರವನ್ನು ಕೇಳಬಹುದು. ಒಳ್ಳೆಯ ಕಲಮು, ಬಡವನ ಕಲಮು. ಆದರೆ ಅದಕ್ಕೂ ಮೂರು ತಿಂಗಳ ಮುದತು ಕಟ್ಟಿದ್ದಾರೆ. ನೆರೆಯವನ ದಾವೆ ಯಾವ ದಿನ ತೀರ್ಮಾನವಾಯಿತೆಂದು, ಊರು ಒಡೆದು ಹತ್ತು ಕಡೆ ಚೆದರಿದ ಮೇಲೆ, ಯಾರು ಯಾರಿಗೆ ಹೇಳಬೇಕು? ಹಾಗಿದ್ದರೂ ಜನ ಅರ್ಜಿ ಹಾಕಿದರು. ಕಾರವಾರದಿಂದ ದಿಲ್ಲಿಯವರೆಗೆ ದಶಕಗಳ ಕಾಲ ಅಲೆದರು. ಅರ್ಜಿ ಹಾಕಿದ ಕೈಗಳಲ್ಲಿ ಹಲವು ಈಗ ಇಲ್ಲ. ಮಕ್ಕಳು ವಾರಸಾ ದಾಖಲೆ ಹಿಡಿದು ಅದೇ ಕಟ್ಟೆ ಹತ್ತಿದ್ದಾರೆ.

ಇದರಿಂದ ಖಜಾನೆಗಾದರೂ ಲಾಭವಾಯಿತೆ ಎಂದು ನಮ್ಮ ವ್ಯಾಪಾರಿ ಓದುಗರು ಕೇಳಬಹುದು. ಅವರು ಬಡ್ಡಿಯ ಲೆಕ್ಕ ಬಲ್ಲವರು. ಹಳೆಯ ಕಾಯದೆಯ 28ನೆಯ ಕಲಮಿನಂತೆ ನ್ಯಾಯಾಲಯ ಏರಿಸಿದ ಮೊತ್ತಕ್ಕೆ, ಭೂಮಿ ವಶಕ್ಕೆ ತೆಗೆದುಕೊಂಡ ದಿನದಿಂದ, ಮೊದಲ ವರ್ಷ ನೂರಕ್ಕೆ 9, ಆಮೇಲೆ ನೂರಕ್ಕೆ 15ರಂತೆ ಬಡ್ಡಿ ಬೀಳಬಹುದು. ನೂರು ರೂಪಾಯಿಯ ಬಾಕಿಯನ್ನು ಇಪ್ಪತ್ತು ವರ್ಷ ತಡೆದರೆ ಬಡ್ಡಿಯೇ 294 ರೂಪಾಯಿ. ನೂರನ್ನು ಆ ದಿನವೇ ಕೊಟ್ಟಿದ್ದರೆ ಒಂದು ಕುಟುಂಬ ಬೇರೆ ಕಡೆ ಗದ್ದೆ ಕೊಂಡು ಉಳುತ್ತಿತ್ತು, ಸರಕಾರಕ್ಕೂ ಮೂರು ಪಟ್ಟು ಉಳಿಯುತ್ತಿತ್ತು. ಸಣ್ಣ ಕಿರಾಣಿ ಅಂಗಡಿಯ ಗುಮಾಸ್ತನು ಹೀಗೆ ಲೆಕ್ಕ ಇಟ್ಟರೆ ಅವನನ್ನು ಮರುದಿನವೇ ಮನೆಗೆ ಕಳಿಸುತ್ತಾರೆ.

ಕಾಗದ ಇದ್ದವರ ಪಾಡು ಇದು. ಕಾಗದವೇ ಇಲ್ಲದವರ ಪಾಡು ಇನ್ನೂ ಬೇರೆ. ಸಮುದ್ರಕ್ಕೆ ಪಹಣಿಯಿಲ್ಲ. ಅರಗಾ, ಬಿಣಗಾಗಳ ಮರಳಿನ ದಂಡೆಯಲ್ಲಿ ತಲೆಮಾರುಗಳಿಂದ ಬಲೆ ಎಳೆದವನ ಹೆಸರು ಯಾವ ಉತಾರದಲ್ಲಿಯೂ ಇಲ್ಲ. ರಂಪಣಿಯನ್ನು ಎಳೆಯಲು ನೂರರಷ್ಟು ಜನ ಬೇಕು, ಎಳೆದವರಿಗೆಲ್ಲ ಪಾಲು. ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ರಂಪಣಿ ಮೊದಲೇ ಬಡವಾಗಿತ್ತೆಂಬುದು ನಿಜ. ಉಳಿದುದಕ್ಕೆ ದಂಡೆಯಾದರೂ ಇತ್ತು. ದಂಡೆ ಹೋದಾಗ ನೂರು ಪಾಲುದಾರರ ಹೊಟ್ಟೆಯ ಮೇಲೆ ಬರೆ ಬಿದ್ದಿತು. ಭೂಮಿಯ ಬೆಲೆ ಕಟ್ಟುವವನ ಪುಸ್ತಕದಲ್ಲಿ ಅದಕ್ಕೆ ಕಾಲಮೇ ಇರಲಿಲ್ಲ. ಮೀನು ಹೊತ್ತು ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದ ಹೆಂಗಸರಿಗೂ, ಗೇಣಿಗೂ ಅಲ್ಲದೆ ಕೂಲಿಗೂ ಅಲ್ಲದೆ ಒಡೆಯನ ಹಿತ್ತಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೂ ಇದೇ ಮಾತು. 2013ರ ಹೊಸ ಭೂಸ್ವಾಧೀನ ಕಾಯದೆಯು, ಭೂಮಿ ಇಲ್ಲದಿದ್ದರೂ ಮೂರು ವರ್ಷ ಅಲ್ಲಿ ದುಡಿದು ಬದುಕಿದ ಕೂಲಿಕಾರ, ಗೇಣಿದಾರ, ಕುಶಲಕರ್ಮಿ, ಮೀನುಗಾರ, ಅಂಬಿಗ ಇವರೆಲ್ಲರನ್ನೂ ಬಾಧಿತರೆಂದು ಹೆಸರಿಸಿ ಬರೆಯಿತು. ಅದು ಜಾರಿಗೆ ಬಂದದ್ದು 2014ರ ಜನವರಿ 1ರಂದು. ಸೀಬರ್ಡಿನವರು ಅದಕ್ಕೆ ಎಷ್ಟೋ ಮೊದಲೇ ಎದ್ದುಹೋಗಿದ್ದರು.

ಸರಕಾರದ ವಕೀಲರು ಇಲ್ಲಿ ಒಂದು ಆಕ್ಷೇಪ ತೆಗೆಯಬಹುದು. ಕರಾರು ಕಾಯದೆಯ 70ನೆಯ ಕಲಮಿಗೂ ಭೂಸ್ವಾಧೀನಕ್ಕೂ ಏನು ಸಂಬಂಧ? ಕಂತ್ರಾಟದಾರನು ಸ್ವಂತ ಇಚ್ಛೆಯಿಂದ ಕೆಲಸ ಮಾಡಿದವನು. ಭೂಮಿಯನ್ನಾದರೋ ಕಾಯದೆಯಿಂದ ತೆಗೆದುಕೊಂಡದ್ದು, ಅದರ ಬೆಲೆಯೂ ಅದೇ ಕಾಯದೆಯಲ್ಲಿದೆ. ಆಕ್ಷೇಪ ಕಾನೂನಿನ ಮಟ್ಟಿಗೆ ಸರಿ. 70ನೆಯ ಕಲಮು ಹಿಡಿದು ದಾವೆ ಹೂಡಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಆದರೆ ಇಚ್ಛೆಯಿಂದ ಕೊಟ್ಟವನಿಗೇ, ಅದೂ ಕಾಗದ ಕೆಟ್ಟಿದ್ದಾಗಲೂ, "ಉಂಡವನು ಕೊಡತಕ್ಕದ್ದು" ಎಂಬ ನ್ಯಾಯವಿರುವಾಗ, ಇಚ್ಛೆಯಿಲ್ಲದೆ ಕೊಟ್ಟವನಿಗೆ ಅದಕ್ಕಿಂತ ಕಡಿಮೆಯ ನ್ಯಾಯ ಹೇಗಾದೀತು? ಕಂತ್ರಾಟದಾರನ ಕರಾರಿನ ದೋಷ ಅವನ ಹಣಕ್ಕೆ ಅಡ್ಡ ಬರಬಾರದೆಂದ ಮೇಲೆ, ಹಾಲಕ್ಕಿ ಮುದುಕನ ಅರ್ಜಿಯ ಮುದತು ಅವನ ಹಣಕ್ಕೆ ಏಕೆ ಅಡ್ಡ ಬರಬೇಕು? ಭೂಮಿಯ ಲಾಭವನ್ನು ಸರಕಾರ ಅಂದಿನಿಂದ ಒಂದು ದಿನವೂ ಬಿಡದೆ ಉಣ್ಣುತ್ತಿದೆ.

ಇದು ಹಳೆಯ ಗಾಯವನ್ನು ಕೆದಕುವ ಮಾತೂ ಅಲ್ಲ. ನೌಕಾನೆಲೆಯ ಎರಡನೆಯ ಹಂತದ ಕೆಲಸ ನಡೆದಿದೆ. ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣಕ್ಕೆಂದು ಭೂಮಿ ಗುರುತಿಸಿದಾಗ, ಹಿಂದಿನ ಯೋಜನೆಗಳಿಗೆ ಒಮ್ಮೆ ನೆಲ ಕೊಟ್ಟವರೂ ಮತ್ತೆ ಆ ಸಾಲಿನಲ್ಲಿ ನಿಲ್ಲಬೇಕಾಯಿತು. ಕೊಂಕಣ ರೈಲು, ಹೆದ್ದಾರಿ, ನೌಕಾನೆಲೆ, ವಿಮಾನ: ಸಮುದ್ರಕ್ಕೂ ಗುಡ್ಡಕ್ಕೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ದೇಶಕ್ಕೆ ಬೇಕಾದುದೆಲ್ಲ ಹಾಯುತ್ತದೆ. ಇಂದು ಎಬ್ಬಿಸುವವರು ಹಿಂದೆ ಎಬ್ಬಿಸಿದವರ ಬಾಕಿಯನ್ನು ಮೊದಲು ತೀರಿಸಲಿ. ಆಗ ಜನ ಮಾತು ಕೇಳಿಯಾರು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದೇ ಪ್ರಕಟಣೆಯ ಕೆಳಗೆ ಹೋದ ಒಂದೇ ಬಗೆಯ ಭೂಮಿಗೆ ನ್ಯಾಯಾಲಯ ಅಂತಿಮವಾಗಿ ಒಪ್ಪಿದ ದರವನ್ನು, ಅರ್ಜಿ ಬಂದಿರಲಿ ಬಾರದಿರಲಿ, ಎಲ್ಲರಿಗೂ ಸರಕಾರವೇ ಲೆಕ್ಕಹಾಕಿ ಮುಟ್ಟಿಸಬೇಕು. ಅದಕ್ಕೆ ಕಾಯದೆಯ ಮುದತು ಅಡ್ಡಿಯಾದರೆ, ಖೇರರ ಕಾಲದಲ್ಲಿ ಆದಂತೆ ಅಡ್ಡಿಯನ್ನು ಶಾಸನಸಭೆಯೇ ತೆಗೆಯಬೇಕು. ದಂಡೆ ಕಳೆದುಕೊಂಡ ಮೀನುಗಾರರಿಗೂ ಭೂಮಿಯಿಲ್ಲದ ದುಡಿಮೆಗಾರರಿಗೂ 2013ರ ಕಾಯದೆಯ ವ್ಯಾಖ್ಯೆಯನ್ನು ಹಿಡಿದು, ಹಳೆಯ ಯೋಜನೆಯೆಂದು ತಳ್ಳದೆ, ಒಂದು ಪ್ರತ್ಯೇಕ ಪರಿಹಾರ ಗೊತ್ತುಮಾಡಬೇಕು. ಸರಕಾರವು ತಾನು ಸೋತ ಪರಿಹಾರದ ದಾವೆಗಳಲ್ಲಿ ಮತ್ತೆ ಮತ್ತೆ ಅಪೀಲು ಹೋಗುವ ಚಾಳಿಯನ್ನು ಬಿಡಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ಯಾವ ಊರಿನ ಯಾವ ಸರ್ವೇ ನಂಬರು, ಎಷ್ಟು ಗುಂಟೆ, ಮೊದಲು ಕೊಟ್ಟದ್ದೆಷ್ಟು, ನ್ಯಾಯಾಲಯ ಏರಿಸಿದ್ದೆಷ್ಟು, ಪಾವತಿಯಾದದ್ದೆಷ್ಟು, ಬಾಕಿ ಎಷ್ಟು ಎಂಬ ಯಾದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಪ್ರತಿಯೊಂದು ಗ್ರಾಮ ಪಂಚಾಯತಿಯ ಫಲಕದ ಮೇಲೂ ಪುನರ್ವಸತಿಯ ಕಾಲೋನಿಗಳಲ್ಲಿಯೂ ಅಂಟಿಸಲಿ. ಕಾಲೋನಿಗಳಲ್ಲಿರುವ ನಮ್ಮ ಓದುಗರು ತಮ್ಮಲ್ಲಿರುವ ನೋಟೀಸು, ರಸೀದಿ, ಅರ್ಜಿಯ ನಕಲು ಇವನ್ನೆಲ್ಲ ಈಗಲೇ ಹುಡುಕಿ ಒಂದು ಕಡೆ ಇಟ್ಟುಕೊಳ್ಳಬೇಕು. ಯಾದಿ ಹೊರಬಿದ್ದ ದಿನ ಒಂದೊಂದೇ ಹೆಸರನ್ನು ಅವುಗಳೊಡನೆ ತಾಳೆ ನೋಡುವ ಕೆಲಸವನ್ನು ನಾವೂ ಅವರ ಜೊತೆ ಕೂತು ಮಾಡುತ್ತೇವೆ.